ಒಂದುಗಳ ಹಾರ

ಕನ್ನಡದ ಅಧ್ಯಾಪಕರಾದ ನಾವು ನೃಪತುಂಗನ ಕಾಲವೆಂದರೆ ಕವಿರಾಜಮಾರ್ಗವೆಂದು ಹೇಳಿ ಪಾಠ ಮುಗಿಸುವುದು ವಾಡಿಕೆ. ಅದೇ ರಾಷ್ಟ್ರಕೂಟ ದೊರೆಯನ್ನು ಆರಂಭದಲ್ಲಿ ಹೊಗಳುವ ಇನ್ನೊಂದು ಗ್ರಂಥವಿದೆ: ಸುಮಾರು 850ರಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ. ಭಟ್ಕಳದ ಬಳಿಯ ಹಾಡುವಳ್ಳಿಯ ಭಟ್ಟಾಕಳಂಕನು 1604ರಲ್ಲಿ ಕನ್ನಡ ವ್ಯಾಕರಣವನ್ನು ಬರೆದದ್ದೂ ಸಂಸ್ಕೃತದಲ್ಲಿಯೇ. ಅದನ್ನು ನಮ್ಮದೆಂದು ಅಭಿಮಾನಪಡುವ ನಾವು ಈ ಲೆಕ್ಕದ ಪುಸ್ತಕವನ್ನು ಮಾತ್ರ ಗಣಿತದವರಿಗೆ ಬಿಟ್ಟುಕೊಟ್ಟುದೇಕೆ?

ಗುಣಾಕಾರವನ್ನು ಹೇಳುವಾಗ ಮಹಾವೀರಾಚಾರ್ಯನು ಕೆಲವು ಸೊಗಸಾದ ಲೆಕ್ಕಗಳನ್ನು ಕೊಡುತ್ತಾನೆ. 12345679ನ್ನು 9ರಿಂದ ಗುಣಿಸಿದರೆ ಸಾಲಾಗಿ ಒಂಬತ್ತು ಒಂದುಗಳು ಬರುತ್ತವೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಕೆಲವು ಫಲಗಳನ್ನು ಆತನು ಕೊರಳಿನ ಆಭರಣವೆಂದೇ ಕರೆಯುತ್ತಾನೆ.

ಈ ಹಾರಗಳಲ್ಲಿ ಯಾವುದು ಒಡೆಯುವುದಿಲ್ಲ? ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆನ್ನುತ್ತೇವೆ. ಭಟ್ಕಳ ಮಲ್ಲಿಗೆಯ ದಂಡೆಯೊಂದನ್ನು ನೆನೆದುಕೊಳ್ಳಿ. ಒಂಬತ್ತು ಹೂವಿನ ದಂಡೆಯನ್ನು ಮೂರು ಸಮನಾದ ತುಂಡು ಮಾಡಬಹುದು. ಹಾಗೆಯೇ ಒಂಬತ್ತು ಒಂದುಗಳ ಸಂಖ್ಯೆ 111ರಿಂದ ಭಾಗವಾಗುತ್ತದೆ. ಆದ್ದರಿಂದ ಹಾರ ಒಡೆಯದಿರಬೇಕಾದರೆ ಅದರಲ್ಲಿರುವ ಒಂದುಗಳ ಎಣಿಕೆಯೂ ಅವಿಭಾಜ್ಯವಾಗಿರಬೇಕು. ಅಷ್ಟೇ ಸಾಲದು. ಐದು ಒಂದುಗಳ ಸಂಖ್ಯೆ 41 ಮತ್ತು 271ರ ಗುಣಲಬ್ಧ. ಏಳು ಒಂದುಗಳದು 239 ಮತ್ತು 4649ರದು. 11ನ್ನು ಬಿಟ್ಟರೆ ಒಡೆಯದ ಮೊದಲನೆಯ ಹಾರಕ್ಕೆ ಹತ್ತೊಂಬತ್ತು ಒಂದುಗಳು ಬೇಕು. ಮುಂದಿನದಕ್ಕೆ 23, ಅನಂತರ 317, ಆಮೇಲೆ 1031. ಈ ಕೊನೆಯದನ್ನು ವಿಲಿಯಮ್ಸ್ ಮತ್ತು ಡಬ್ನರ್ ಎಂಬ ಗಣಿತಜ್ಞರು 1986ರಲ್ಲಿ ಸಾಧಿಸಿ ತೋರಿಸಿದರು. 2023ರಲ್ಲಿ 86453 ಒಂದುಗಳ ಸಂಖ್ಯೆಯೂ ಅವಿಭಾಜ್ಯವೆಂದು ಸಿದ್ಧವಾಯಿತು. ಪುಟಕ್ಕೆ ಎರಡು ಸಾವಿರ ಅಂಕಿಗಳಂತೆ ಅಚ್ಚು ಹಾಕಿದರೆ ನಲವತ್ತಮೂರು ಪುಟ ತುಂಬಿಯೂ ಮಿಗುವ ಸಂಖ್ಯೆ ಅದು!

ಇದೆಲ್ಲ ಮಹಾವೀರಾಚಾರ್ಯನಿಗೆ ಮೊದಲೇ ತಿಳಿದಿತ್ತೆಂದು ಸಾರುವವರುಂಟು. ಅದು ಆತನಿಗೆ ಸಲ್ಲಿಸುವ ಗೌರವವಲ್ಲವೆಂದು ನನ್ನ ಅಭಿಪ್ರಾಯ. ಆತನು ಕಂಡದ್ದು ಹಾರದ ಚೆಲುವನ್ನು. ಅದರ ಗಟ್ಟಿತನವನ್ನು ಪರೀಕ್ಷಿಸಿದವರು ಸಾವಿರ ವರ್ಷಗಳ ಈಚಿನವರು. ಇಲ್ಲದ ಹಿರಿಮೆಯನ್ನು ಹೊರಿಸುವುದಕ್ಕಿಂತ ಇರುವುದನ್ನು ಓದಿ ತಿಳಿಯುವುದು ಮೇಲು. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು. ಹೊನ್ನಾವರ, ಕುಮಟೆಗಳ ಕಾಲೇಜುಗಳಲ್ಲಿ ಕವಿರಾಜಮಾರ್ಗದ ಜೊತೆಗೆ ಇದರ ನಾಲ್ಕು ಲೆಕ್ಕಗಳನ್ನೂ ಹೇಳಿಕೊಟ್ಟರೆ ನೃಪತುಂಗನ ಕಾಲದ ಚಿತ್ರ ಪೂರ್ಣವಾದೀತು.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಗ್ರೀಸಿನ ಯೂಕ್ಲಿಡನು ಕ್ರಿಸ್ತಪೂರ್ವದಲ್ಲಿಯೇ ಸಾಧಿಸಿದನು. ಬರಿಯ ಒಂದುಗಳಿಂದಾದ ಅವಿಭಾಜ್ಯಗಳಿಗೂ ಕೊನೆಯಿಲ್ಲವೆ? ಇದನ್ನು ಇಂದಿಗೂ ಯಾರೂ ಸಾಧಿಸಿಲ್ಲ. ನಮ್ಮ ಕರಾವಳಿಯ ಯಾವ ಹುಡುಗ ಹುಡುಗಿಯರಾದರೂ ಪ್ರಯತ್ನಿಸಬಹುದು.