ಮಾರಿಕುಪ್ಪಂನಿಂದ ಹೊರಟವರು

ಕೋಲಾರದ ಚಿನ್ನದ ಗಣಿಯ ಇತಿಹಾಸ ಅಂದ್ರೆ ನಮ್ಮ ಪಠ್ಯಪುಸ್ತಕಗಳಿಗೆ ಮೂರು ಸಂಗತಿ ಸಾಕು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೊದಲೇ ಬಂತು. ಒಟ್ಟು ಎಂಟುನೂರು ಟನ್ನಿನಷ್ಟು ಚಿನ್ನ ಹೊರಗೆ ಬಂತು. ಬಂದದ್ದೆಲ್ಲ ಲೆಕ್ಕದಲ್ಲಿದೆ ಗೆಳೆಯರೆ. ಆ ಚಿನ್ನ ಎತ್ತಿದೋರು ಎಲ್ಲಿಂದ ಬಂದ್ರು, ಕೊನೆಗೆ ಎಲ್ಲಿಗೆ ಹೋದ್ರು ಅನ್ನೋದನ್ನ ಮಾತ್ರ ನಾವೇ ಹುಡುಕ್ಕೋಬೇಕು.

ಬಂದೋರು ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಯ ಹೊಲಗೇರಿಗಳಿಂದ. ಅಲ್ಲಿ ಉಳುವ ನೆಲ ಇನ್ನೊಬ್ಬನದು, ದುಡಿಮೆ ಜೀತದ್ದು, ಬಾವಿ ಮುಟ್ಟೋ ಹಾಗಿಲ್ಲ. ಇಲ್ಲಿ ಕೈಗೆ ಕಾಸು ಸಿಕ್ತಿತ್ತು. ಭೂಮಿ ಇದ್ದೋರು ಇಳಿಯಲು ಹಿಂಜರಿದ ಕತ್ತಲೆಗೆ ಭೂಮಿ ಇಲ್ಲದೋರು ಇಳಿದರು. ಬಿದಿರು ತಟ್ಟಿಯ ಗುಡಿಸಿಲುಗಳ ಸಾಲಿಗೆ ‘ಕೂಲಿ ಲೈನು’ ಅಂತ ಹೆಸರಾಯ್ತು. ಬಿಳಿಯರ ಬಂಗಲೆ, ಕ್ಲಬ್ಬು ಬೇರೆ. ಊರಾಚೆಯ ಕೇರಿಯಿಂದ ತಪ್ಪಿಸಿಕೊಂಡು ಬಂದ ಜನಕ್ಕೆ ಕಂಪನಿ ಇನ್ನೊಂದು ಕೇರಿ ಕಟ್ಟಿಕೊಟ್ಟಿತು.

ಚಿನ್ನ ಕದೀತಾರೆ ಅನ್ನೋ ಗುಮಾನಿ ಬೇರೆ. ಕೂಲಿಯವರ ಮಣಿಕಟ್ಟಿಗೆ ನಂಬರು ಕೊರೆದ ಲೋಹದ ಬಿಲ್ಲೆ ಹಾಕಿದರು. ಜನ ಅದನ್ನ ‘ತಾಯತ’ ಅಂದ್ರು! ದೆವ್ವ ಬಿಡಿಸೋ ತಾಯತ ಅಲ್ಲ, ಮನುಷ್ಯನನ್ನ ನಂಬರು ಮಾಡೋ ತಾಯತ. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತಗೋತೀವಿ ಅಂದಾಗ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಕೂಲಿ ಪ್ರಶ್ನೆಯೂ ಅಲ್ಲಿತ್ತು, ನಿಜ. ಆದರೆ ನಾವು ಕಳ್ಳರಲ್ಲ ಅನ್ನೋ ಸಿಟ್ಟು ಅದಕ್ಕೆ ಕಿಡಿ. ಓದು ಬರಹ ಇಲ್ಲದ ಜನಕ್ಕೆ ಸ್ವಾಭಿಮಾನ ಹೊರಗಿನೋರು ಬಂದು ಕಲಿಸಿದ್ರು ಅನ್ನೋ ಪಂಡಿತರು ಈ ಮುಷ್ಕರವನ್ನ ಒಮ್ಮೆ ಓದಲಿ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಬಂಡೆಯೇ ಕಾದ ಹೆಂಚಿನ ಹಾಗೆ. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡೀತಿತ್ತು. ಸಿಡಿದಾಗ ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆ ಅಲುಗಾಡ್ತಿದ್ವು, ಹೆಂಗಸರು ಬಾಗಿಲಿಗೆ ಬರ್ತಿದ್ರು. ಸಿಡಿತಕ್ಕೆ ಸಿಗದೇ ಉಳಿದೋರನ್ನ ಕಲ್ಲಿನ ಧೂಳು ಬಿಡಲಿಲ್ಲ. ಸಿಲಿಕೋಸಿಸ್ ಅಂದ್ರೆ ಉಸಿರುಚೀಲ ಕಲ್ಲಾಗೋ ರೋಗ. ಅದು ಕೆಲಸ ಇರುವಾಗಲೂ ಬರ್ತದೆ, ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೂ ಬರ್ತದೆ.

1956ರಲ್ಲಿ ಗಣಿ ಸರ್ಕಾರದ್ದಾಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅಂತ ಹೆಸರಾಯಿತು. ದೊರೆ ಬದಲಾದ, ಕತ್ತಲೆ ಬದಲಾಗಲಿಲ್ಲ. ಸರ್ಕಾರದ ಕೈಗೆ ಬಂದ ಮೇಲೆ ಬಹಳ ವರ್ಷ ಇಲ್ಲಿನ ಚಿನ್ನ ಬಜಾರಿನ ಬೆಲೆಗಲ್ಲ, ಅದಕ್ಕಿಂತ ಕಡಿಮೆಯ ಅಧಿಕೃತ ದರಕ್ಕೆ ಖಜಾನೆಗೆ ಹೋಯಿತು. ಆಮೇಲೆ ಅದೇ ಖಜಾನೆ ಗಣಿ ನಷ್ಟದಲ್ಲಿದೆ ಅಂದಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿತ್ತು, ಆಳ ಹೆಚ್ಚಿದಷ್ಟೂ ಖರ್ಚು ಏರಿತ್ತು, ಇದನ್ನ ನಾವು ಅಲ್ಲಗಳೆಯೋದಿಲ್ಲ. ಆದರೆ ನಷ್ಟದ ಲೆಕ್ಕ ಬರೆಯುವಾಗ ಅಗ್ಗಕ್ಕೆ ಹೋದ ಚಿನ್ನವನ್ನ ಯಾವ ಕಾಲಮಿನಲ್ಲಿ ಬರೆದರು? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಂದರು. ಒಂದು ಕಾಲಕ್ಕೆ ಮೂವತ್ತು ಸಾವಿರ ಜನ ದುಡಿದ ಜಾಗ ಅದು.

ಈಗ ಒಂದು ಮನೆಯನ್ನ ಕಣ್ಣ ಮುಂದೆ ತಂದುಕೊಳ್ಳೋಣ. ಯಾರ ಮನೆಯೂ ಅಲ್ಲ, ಆ ಲೈನಿನ ಯಾವ ಮನೆಯಾದರೂ ಸರಿ. ಗಂಡನಿಗೆ ನಲವತ್ತೈದು. ಕೆಮ್ಮೋ ಅಪ್ಪ, ಓದೋ ಇಬ್ಬರು ಮಕ್ಕಳು. ಕೈಗೆ ಬಂದ ಪರಿಹಾರದಲ್ಲಿ ಅರ್ಧ ಸಾಲಕ್ಕೆ ಹೋಯ್ತು. ಮನೆ ಕಂಪನಿಯದು. ಕಲಿತ ಕಸುಬು ಬಂಡೆಗೆ ತೂತು ಕೊರೆಯೋದು, ಮರದ ಆನಿಕೆ ಕೊಡೋದು, ಸಿಡಿಮದ್ದು ಇಡೋದು. ನೆಲದ ಮೇಲೆ ಇದಕ್ಕೆ ಕೆಲಸ ಕೊಡೋರು ಯಾರು? ರಾಯಚೂರು ಸೀಮೆಯ ಹಟ್ಟಿಯಲ್ಲಿ ಇನ್ನೊಂದು ಚಿನ್ನದ ಗಣಿ ಇದೆ, ಆದರೆ ಅದು ಎಷ್ಟು ಜನರನ್ನ ನುಂಗೀತು?

ಮದರಾಸಿಗೆ ಹೋಗೋಣ ಅಂತ ಹೆಂಡತಿ ಅಂತಾಳೆ. ಅಲ್ಲಿ ಭಾಷೆ ನಮ್ಮದು, ನೆಂಟರು ಅವರೆ. ಇಲ್ಲಿ ನಮ್ಮ ಕಾನೂನಿನ ಒಂದು ಗುಟ್ಟು ಹೇಳಬೇಕು, ಹಳ್ಳಿ ಮೇಷ್ಟ್ರುಗಳು ಗಮನ ಕೊಟ್ಟು ಕೇಳಿ. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯಕ್ಕೊಂದು. ಆದಿದ್ರಾವಿಡ ಅನ್ನೋ ಹೆಸರು ಕರ್ನಾಟಕದ ಪಟ್ಟಿಯಲ್ಲೂ ಇದೆ, ತಮಿಳುನಾಡಿನದರಲ್ಲೂ ಇದೆ. ಆದರೆ ಒಂದು ರಾಜ್ಯದವನು ಹೊಟ್ಟೆಪಾಡಿಗೆ ಇನ್ನೊಂದು ರಾಜ್ಯಕ್ಕೆ ಹೋದರೆ, ಅಲ್ಲಿ ಅದೇ ಹೆಸರಿದ್ದರೂ ಆ ಮೀಸಲಾತಿ ಅವನಿಗಿಲ್ಲ ಅಂತ 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಸ್ಪೃಶ್ಯತೆಗೆ ಗಡಿ ಇಲ್ಲ, ಅದು ಗಂಟುಮೂಟೆ ಜೊತೆಗೇ ರೈಲು ಹತ್ತತದೆ. ಸರ್ಟಿಫಿಕೇಟು ಮಾತ್ರ ಜೋಲಾರಪೇಟೆ ದಾಟೋದಿಲ್ಲ. ಮೂರು ತಲೆಮಾರು ಇಲ್ಲೇ ಸತ್ತು ಮಣ್ಣಾದ ಮೇಲೆ ಆ ಮಕ್ಕಳು ಈ ರಾಜ್ಯದ ಮಕ್ಕಳು. ಇಲ್ಲಿ ಬೀದಿಯಲ್ಲಿ ಅವರನ್ನ ತಮಿಳರು ಅಂತಾರೆ, ಅಲ್ಲಿ ಕಚೇರಿಯಲ್ಲಿ ಕರ್ನಾಟಕದೋರು ಅಂತಾರೆ. ಮಕ್ಕಳ ಓದಿನ ಆಸೆ ಇಟ್ಟುಕೊಂಡೋರು ಹೊಸೂರಾಚೆ ಕಾಲಿಡೋ ಮುಂಚೆ ಎರಡು ಸಲ ಯೋಚನೆ ಮಾಡಬೇಕಾಯ್ತು.

ಉಳಿದದ್ದು ಬೆಂಗಳೂರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಆಮೇಲೆ ಬಂಗಾರಪೇಟೆ. ಗಣಿಗೆ ಯಂತ್ರ, ಕಲ್ಲಿದ್ದಲು ತರೋದಕ್ಕೆ ಹಾಕಿದ ಕಂಬಿ ಈಗ ಜನ ಹೊರತೊಡಗಿತು. ಕೋಳಿ ಕೂಗೋ ಮೊದಲು ಎದ್ದು, ಡಬ್ಬಿ ಕಟ್ಟಿಕೊಂಡು, ಹೋಗ್ತಾ ನೂರು ಬರ್ತಾ ನೂರು ಕಿಲೋಮೀಟರು. ಗಂಡಸರು ಕಟ್ಟಡದ ಕೆಲಸಕ್ಕೆ, ಕಾವಲಿಗೆ. ಹೆಂಗಸರು ಗಾರ್ಮೆಂಟ್ಸಿಗೆ, ಆಫೀಸಿನ ಕಸ ಗುಡಿಸೋಕೆ. ಭೂಮಿಯ ಹೊಟ್ಟೆ ಸೀಳಿದೋನು ಯಾರದೋ ಗೇಟಿನ ಮುಂದೆ ವಿಸಲ್ ಹಿಡಿದು ನಿಂತ.

ಬೆಂಗಳೂರಲ್ಲೇ ಮನೆ ಮಾಡಬಾರದಾ ಅಂತ ಕೇಳೋರಿದ್ದಾರೆ. ಸಂಬಳದ ಅರ್ಧ ಬಾಡಿಗೆಗೆ, ಮುಂಗಡ ಬೇರೆ. ಮನೆ ಕೇಳೋಕೆ ಹೋದ್ರೆ ಮೊದಲು ಯಾವ ಜನ ಅಂತ ಪ್ರಶ್ನೆ. ಇಲ್ಲಿ ಲೈನಿನ ಮನೆ ಬಿಟ್ಟರೆ, ನಾಳೆ ಮನೆಗಳನ್ನ ಕಾರ್ಮಿಕರಿಗೇ ಬರೆದುಕೊಡೋ ದಿನ ಬಂದಾಗ ಹಕ್ಕು ಕೇಳೋದು ಹ್ಯಾಗೆ? ಹಾಗಾಗಿ ಹೊರಟೂ ಹೊರಡದ ಬದುಕು. ಊರ ಪಕ್ಕ ಸಯನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಹೆಚ್ಚಿನ ಮಣ್ಣು. ಗಾಳಿ ಎದ್ದರೆ ಆ ಪುಡಿ ಅನ್ನದ ತಟ್ಟೆಗೆ ಬೀಳ್ತದೆ.

ನಾವು ಕಣ್ಣ ಮುಂದೆ ತಂದುಕೊಂಡ ಆ ಮನೆಯಲ್ಲಿ ಕೊನೆಗೆ ದೊಡ್ಡ ಮಗ ಓದು ಬಿಟ್ಟು ಕೃಷ್ಣರಾಜಪುರದಲ್ಲಿ ನಾಲ್ಕು ಹುಡುಗರ ಜೊತೆ ಒಂದು ರೂಮು ಹಿಡೀತಾನೆ. ಚಿಕ್ಕೋಳು ಇಲ್ಲೇ ಶಾಲೆಗೆ. ಗಂಡ ಹೆಂಡತಿ ಇಬ್ಬರೂ ಕತ್ತಲಲ್ಲೇ ರೈಲು ಹತ್ತಿ ಕತ್ತಲಲ್ಲೇ ಇಳೀತಾರೆ. ಹಗಲೆಲ್ಲ ಮನೆ ಕಾಯೋನು ಕೆಮ್ಮೋ ಮುದುಕ ಒಬ್ಬನೆ. ಅವನ ಹಳೇ ಗಣಿ ಟೋಪಿ ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿದೆ, ಅದಕ್ಕೀಗ ಈರುಳ್ಳಿ ತುಂಬಿದ್ದಾರೆ.