ಹಳೆಯ ಟಾರ್ಗೆಟ್ ಪಿಸ್ತೂಲಿಗೆ ಬೆಲೆ ಕಟ್ಟುವ ಬಗೆ: ಕೋಲ್ಟ್ ವುಡ್ಸ್‌ಮನ್

ಅಮೆರಿಕದಲ್ಲಿ ಮನೆಯ ಹಿರಿಯರು ತೀರಿಕೊಂಡ ಮೇಲೆ ಬೀರುವಿನಿಂದ ಹಳೆಯ ಪಿಸ್ತೂಲೊಂದು ಹೊರಬರುವುದು ಅಪರೂಪವೇನಲ್ಲ. ಎಷ್ಟೋ ಸಲ ಮಾರುವ ಮುನ್ನ ಅದನ್ನು ತಿಕ್ಕಿ ಹೊಳಪು ಕೊಡಿಸುತ್ತಾರೆ. ಹುಣಸೆಹಣ್ಣು ಹಾಕಿ ಬೆಳಗಿದರೆ ಹಿತ್ತಾಳೆ ಚೆಂಬಿಗೆ ಕಳೆ ಬರುತ್ತದೆ ನಿಜ. ಆದರೆ ಸಂಗ್ರಾಹಕರು ಹುಡುಕುವ ಪಿಸ್ತೂಲಿಗೆ ಆ ಉಪಚಾರವೇ ಮುಳುವಾಗುತ್ತದೆ.

ಮೊದಲು ಗುರುತು

ಯಾವುದೇ ಪರೀಕ್ಷೆಗೂ ಮುನ್ನ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದೆಳೆದು, ಒಳಗೆ ಗುಂಡಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಬೇಕು.

ಜಾನ್ ಬ್ರೌನಿಂಗ್ ವಿನ್ಯಾಸದ .22 ಪಿಸ್ತೂಲನ್ನು ಕೋಲ್ಟ್ ಕಂಪನಿ 1915ರಲ್ಲಿ ಮಾರುಕಟ್ಟೆಗೆ ತಂದಿತು. ‘ವುಡ್ಸ್‌ಮನ್’ ಎಂಬ ಹೆಸರು ಬಂದದ್ದು 1927ರಲ್ಲಿ. 1977ರವರೆಗೆ ತಯಾರಾದ ಇದನ್ನು ಸಂಗ್ರಾಹಕರು ಮೂರು ಸರಣಿಗಳಾಗಿ ವಿಂಗಡಿಸುತ್ತಾರೆ: 1947ರವರೆಗಿನದು, 1947ರಿಂದ 1955ರದು, ಆಮೇಲಿನದು. ಲಕ್ಷಗಟ್ಟಲೆ ಬಂದಿರುವುದರಿಂದ ವುಡ್ಸ್‌ಮನ್ ಎಂಬ ಹೆಸರೊಂದೇ ಬೆಲೆ ತರುವುದಿಲ್ಲ. 1938ರಲ್ಲಿ ಬಂದ ಮೊದಲ ‘ಮ್ಯಾಚ್ ಟಾರ್ಗೆಟ್’ ಮಾತ್ರ ಬೇರೆಯೇ ಮಾತು. ಭಾರದ ನಳಿಗೆ, ಅದರ ಪಕ್ಕದಲ್ಲಿ ಗುರಿಹಲಗೆಯ ವೃತ್ತದ ಚಿತ್ರ, ‘ಎಂಟಿ’ ಅಕ್ಷರಗಳಿಂದ ಶುರುವಾಗುವ ಸೀರಿಯಲ್ ನಂಬರ್ ಇದರ ಗುರುತು. ಇವು ತಯಾರಾದದ್ದು ಸುಮಾರು 16 ಸಾವಿರವಷ್ಟೇ.

ಮೂಲ ಬಣ್ಣವೇ ಬಂಡವಾಳ

ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಕಡುನೀಲಿ ಲೇಪ, ಅಂದರೆ ಬ್ಲೂಯಿಂಗ್, ಎಷ್ಟು ಉಳಿದಿದೆ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಮೇಲಿನ ಮೆಟ್ಟಿಲುಗಳಲ್ಲಿ ಬೆಲೆ ಕಡಿದಾಗಿ ಏರುತ್ತದೆ: ಶೇ. 90ಕ್ಕೂ 98ಕ್ಕೂ ನಡುವಿನ ಅಂತರ, ಶೇ. 60ಕ್ಕೂ 70ಕ್ಕೂ ನಡುವಿನದಕ್ಕಿಂತ ಬಹಳ ದೊಡ್ಡದು.

ಮರುಲೇಪವನ್ನು ಪತ್ತೆ ಮಾಡಲು ದೀಪದ ಬೆಳಕನ್ನು ಓರೆಯಾಗಿ ಬೀಳಿಸಿ ನೋಡಬೇಕು. ಕಾರ್ಖಾನೆಯಿಂದ ಬಂದ ಸ್ಲೈಡಿನ ಅಂಚು ಬೆರಳಿಗೆ ಚೂಪಾಗಿ ತಾಕುತ್ತದೆ. ಕೆತ್ತಿದ ಅಕ್ಷರಗಳ ದಂಡೆ ಸ್ಪಷ್ಟವಾಗಿರುತ್ತದೆ. ಉಜ್ಜುವ ಚಕ್ರಕ್ಕೆ ಸಿಕ್ಕಿದ ಪಿಸ್ತೂಲಿನಲ್ಲಿ ಅಂಚು ದುಂಡಗಾಗಿ, ಅಕ್ಷರ ತೇಲಿ, ತೂತುಗಳ ಬಾಯಿ ಬಟ್ಟಲಿನಂತೆ ತಗ್ಗಾಗಿರುತ್ತದೆ. ತುಕ್ಕು ತಿಂದ ಸಣ್ಣ ಗುಳಿಯೊಳಗೂ ಹೊಸ ನೀಲಿ ಹೊಳೆಯುತ್ತಿದ್ದರೆ ಅನುಮಾನವೇ ಬೇಡ. ಮರುಲೇಪವಾದ ಪಿಸ್ತೂಲು ಮೂಲದ ಅರ್ಧ ಬೆಲೆಗೆ ಇಳಿಯುತ್ತದೆ ಎಂಬುದು ವ್ಯಾಪಾರದ ಒರಟು ಲೆಕ್ಕ. ಬಳಸಿ ಬಳಸಿ ನಳಿಗೆಯ ತುದಿ ಬೆಳ್ಳಗಾಗಿದ್ದರೂ ಯಾರೂ ಕೈಹಾಕದ ಪಿಸ್ತೂಲೇ ಮೇಲೆಂದು ನಾನೂ ಒತ್ತಿ ಹೇಳುತ್ತೇನೆ. ಆ ಸವೆತ ಅದರ ಬದುಕಿನ ದಾಖಲೆ. ಒಮ್ಮೆ ಉಜ್ಜಿಹೋದರೆ ಯಾವ ಕುಶಲಕರ್ಮಿಯೂ ಅದನ್ನು ಮರಳಿ ಕೊಡಲಾರ. ಒಣ ಬಟ್ಟೆ, ಒಂದೆರಡು ಹನಿ ಗನ್ ಆಯಿಲ್, ಇಷ್ಟೇ ಸಾಕು.

ಹಿಡಿ ಮತ್ತು ಜೊತೆಯ ಸಾಮಾನು

ಮೊದಲ ಮ್ಯಾಚ್ ಟಾರ್ಗೆಟ್‌ನ ವಾಲ್ನಟ್ ಮರದ ಹಿಡಿ ಒಂದೇ ತುಂಡಿನದು. ಕೆಳಗೆ ಅಗಲವಾಗಿ ಹರಡಿರುವುದರಿಂದ ಅದಕ್ಕೆ ‘ಆನೆಕಿವಿ’ ಎಂಬ ಅಡ್ಡಹೆಸರು. ತೆಗೆಯುವಾಗ ಅವಸರಪಟ್ಟರೆ ಸೀಳುತ್ತದೆ. ಸೀಳಿಲ್ಲದ ಮೂಲ ಹಿಡಿಗೆ ಬಿಡಿಯಾಗಿಯೇ ಒಳ್ಳೆಯ ಬೆಲೆ ಇರುವುದರಿಂದ ನಕಲಿ ಹಿಡಿಗಳೂ ಓಡಾಡುತ್ತವೆ. ಆ ಕಾಲದ ಪೆಟ್ಟಿಗೆ, ಕೈಪಿಡಿ, ಮೂಲ ಮ್ಯಾಗಜೀನ್ ಜೊತೆಗಿದ್ದರೆ ಬೆಲೆ ಮತ್ತೆ ಏರುತ್ತದೆ.

ಕಾರ್ಖಾನೆಯ ಪತ್ರ

ಶುಲ್ಕ ಕಟ್ಟಿದರೆ ಕೋಲ್ಟ್ ಕಂಪನಿಯ ದಾಖಲೆ ವಿಭಾಗ ಸೀರಿಯಲ್ ನಂಬರಿನ ಆಧಾರದ ಮೇಲೆ ಪತ್ರ ಕೊಡುತ್ತದೆ: ಪಿಸ್ತೂಲು ಯಾವ ದಿನ, ಯಾರಿಗೆ ಹೋಯಿತು, ಆಗ ಹೇಗಿತ್ತು ಎಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಕೊಂಡ ಮ್ಯಾಚ್ ಟಾರ್ಗೆಟ್‌ಗಳಿಗೆ ವಿಶೇಷ ಬೇಡಿಕೆಯಿದೆ. ಆಮೇಲೆ ಒತ್ತಿದ ಸುಳ್ಳು ಮುದ್ರೆಯನ್ನು ಬಯಲಿಗೆಳೆಯುವುದು ಈ ಪತ್ರವೇ.

ಯಾವ ಬೆಲೆ ನಿಜ?

‘ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್’ ಒಂದು ಅಂದಾಜು ಕೊಡುತ್ತದೆ. ಮಾರಾಟಕ್ಕಿಟ್ಟವನು ಹೇಳುವ ದರ ಅವನ ಆಸೆ ಮಾತ್ರ. ನಂಬಬೇಕಾದದ್ದು ಅದೇ ಮಾದರಿ, ಅದೇ ಸ್ಥಿತಿಯ ಪಿಸ್ತೂಲು ಹರಾಜಿನಲ್ಲಿ ನಿಜವಾಗಿ ಹೋದ ಮೊತ್ತವನ್ನು. ಅಲ್ಲೂ ಎಚ್ಚರ ಬೇಕು. ಹರಾಜು 1,000 ಡಾಲರಿಗೆ ನಿಂತಿತು ಎನ್ನಿ. ಕೊಳ್ಳುವವನ ಮೇಲೆ ಶೇ. 20 ಶುಲ್ಕವಿದ್ದರೆ ಪ್ರಕಟವಾಗುವುದು 1,200, ಮಾರುವವನಿಂದ ಶೇ. 15 ಕಮಿಷನ್ ಹಿಡಿದರೆ ಅವನ ಕೈಗೆ ಬರುವುದು 850. ಅಂಗಡಿಯವನು ತನ್ನ ಲಾಭ ಇಟ್ಟುಕೊಂಡು ಇನ್ನೂ ಕಡಿಮೆ ಕೊಟ್ಟಾನು, ಆದರೆ ಹಣ ಅಂದೇ ಸಿಗುತ್ತದೆ.

ಕಾನೂನು

50 ವರ್ಷ ದಾಟಿದ ಮೂಲ ಸ್ಥಿತಿಯ ಪಿಸ್ತೂಲನ್ನು ಅಮೆರಿಕದ ಕಾನೂನು ‘ಕ್ಯೂರಿಯೊ’ ವರ್ಗಕ್ಕೆ ಸೇರಿಸುತ್ತದೆ. ಅದಕ್ಕೆ ಸಂಗ್ರಾಹಕರ ಪ್ರತ್ಯೇಕ ಲೈಸೆನ್ಸ್ ಇದೆ. ಆ ಲೈಸೆನ್ಸ್ ಇಲ್ಲದವರು ಬೇರೆ ರಾಜ್ಯದವರಿಂದ ಕೊಳ್ಳುವಾಗ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಹೋಗಬೇಕು. ಭಾರತದಲ್ಲಿ ಇಂಥ ಪಿಸ್ತೂಲು ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು.