ಪಹಣಿಯ ಓಪನಿಂಗ್ ಬ್ಯಾಲೆನ್ಸ್

ಮೊಬೈಲ್‌ನಲ್ಲಿ ಸರ್ವೆ ನಂಬರ್ ಹಾಕಿ ಮನೆಯ ಜಮೀನಿನ ಪಹಣಿ ನೋಡ್ತೀರಿ. 2 ಎಕರೆ 20 ಗುಂಟೆ ಇರಬೇಕಾದ ಕಡೆ 2 ಎಕರೆ 2 ಗುಂಟೆ ಅಂತಿದೆ ಅಂದ್ಕೊಳ್ಳಿ. ಯಾರೂ ಮಾರಿಲ್ಲ, ಪಾಲೂ ಆಗಿಲ್ಲ. ಹಾಗಾದ್ರೆ 18 ಗುಂಟೆ ಕರಗಿದ್ದು ಯಾವಾಗ? ಇದನ್ನ ಹುಡುಕೋಕೆ ಸುಮಾರು 25 ವರ್ಷ ಹಿಂದೆ ಹೋಗಬೇಕು.

ಮೊದಲು ಊರಿನ ಲೆಕ್ಕ ಶಾನುಭೋಗರ ಮನೆತನದ ಕೈಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯಕ್ಕೆ ಕೊನೆ ಹಾಡಿತು. ಆಮೇಲೆ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಬಳಿ ಬಂತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಜನ. ಪುಸ್ತಕ ಒಬ್ಬರ ಚೀಲದಲ್ಲಿ ಇದ್ದಾಗ, ಯಾವ ಸಾಲನ್ನ ಯಾವಾಗ ತಿದ್ದಿದ್ರು ಅನ್ನೋದು ರೈತನಿಗೆ ಗೊತ್ತಾಗೋದು ಕಷ್ಟ.

ಇದನ್ನ ಬದಲಿಸೋಕೆ ಬಂದಿದ್ದು 'ಭೂಮಿ' ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತಿದ್ದರು. 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಾಗದದಿಂದ ಕಂಪ್ಯೂಟರ್‌ಗೆ ಬಂದವು. ಅದಕ್ಕೂ ಮುಂಚೆ ನಡೆದ ಪ್ರಯತ್ನಗಳು ಸೋತಿದ್ದವು: ಕಂಪ್ಯೂಟರ್‌ಗೆ ಒಮ್ಮೆ ತುಂಬಿಸಿ ಬಿಟ್ರು, ಊರಲ್ಲಿ ಮಾತ್ರ ಕೈಬರಹದ ಪುಸ್ತಕವೇ ನಡೀತಾ ಇತ್ತು. ಎರಡೂ ಬೇರೆ ಬೇರೆ ಕಥೆ ಹೇಳತೊಡಗಿದವು. ಅದಕ್ಕೇ 'ಭೂಮಿ' ಬಂದಾಗ ಸರ್ಕಾರ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿತು. ಆಗ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗ್ತಿತ್ತು. ಸಿಬ್ಬಂದಿ ಬದಲಾವಣೆ ಮಾಡಬೇಕಾದ್ರೆ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು. ಅಂದ್ರೆ ಯಾರು ಮುಟ್ಟಿದ್ರು ಅನ್ನೋದಕ್ಕೆ ಗುರುತು ಉಳಿಯುತ್ತೆ.

ಇಲ್ಲೇ ಒಂದು ಸೂಕ್ಷ್ಮ ಇದೆ. ನಾನು ಓದಿದ್ದು ಬಿ.ಕಾಂ. ಅಲ್ಲಿ ಮೊದಲು ಕಲಿಸೋದೇ ಇದು: ಓಪನಿಂಗ್ ಬ್ಯಾಲೆನ್ಸ್ ತಪ್ಪಿದ್ರೆ, ಆಮೇಲಿನ ಎಂಟ್ರಿ ಎಲ್ಲ ಸರಿ ಇದ್ರೂ ಕ್ಲೋಸಿಂಗ್ ತಪ್ಪೇ. ಕಂಪ್ಯೂಟರ್‌ಗೆ ಬಂದ ಮೇಲಿನ ಪ್ರತಿ ಬದಲಾವಣೆಗೂ ಮ್ಯುಟೇಷನ್ ಅನ್ನೋ ವೋಚರ್ ಇರಬೇಕು. ಆದ್ರೆ ಮೊದಲ ದಿನ ತುಂಬಿಸಿದ ಅಂಕಿಗೆ ವೋಚರ್ ಇಲ್ಲ. ಹಳೇ ಪುಸ್ತಕವೇ ಅದಕ್ಕೆ ಸಾಕ್ಷಿ. ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟುಹೋದ್ರೆ, ಆ ತಪ್ಪೇ ಅಧಿಕೃತ ದಾಖಲೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳು ಅಂತ ಸಾಬೀತಾಗೋವರೆಗೆ ದಾಖಲೆಯಲ್ಲಿ ಇರೋದೇ ನಿಜ. ಸಾಬೀತು ಮಾಡೋ ಭಾರ ಜಮೀನಿನವರ ಹೆಗಲಿಗೆ.

ನಮ್ಮ ಗೋವಿನಕೋವಿ ಕಡೆ ಇನ್ನೊಂದು ತೊಡಕಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋ ತನಕ ಹೊನ್ನಾಳಿ ತಾಲ್ಲೂಕು ಶಿವಮೊಗ್ಗಕ್ಕೆ ಸೇರಿತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ಹೊಲ ಅಲ್ಲೇ ಇದೆ, ವಿಳಾಸ ಮಾತ್ರ ಬದಲಾಗ್ತಾ ಬಂದಿದೆ. ಹಳೇ ಕಾಗದ ಹುಡುಕೋರು ಆ ವರ್ಷ ಊರು ಯಾವ ತಾಲ್ಲೂಕು, ಯಾವ ಜಿಲ್ಲೆಯಲ್ಲಿತ್ತು ಅಂತ ಮೊದಲು ನೋಡ್ಕೋಬೇಕು.

ಹುಡುಕೋ ದಾರಿ ಹೀಗೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಹೇಗೆ ಬಂತು ಅನ್ನೋ ವಿವರ, ಎಂ.ಆರ್. ನಂಬರ್. ಇವತ್ತಿನ ಪಹಣಿಯಿಂದ ಒಂದೊಂದೇ ವರ್ಷ ಹಿಂದೆ ಹೋಗಿ. ಅಂಕಿ ಬದಲಾದ ವರ್ಷದಲ್ಲಿ ಎಂ.ಆರ್. ನಂಬರ್ ಇದ್ರೆ, ಆ ಮ್ಯುಟೇಷನ್ ದಾಖಲೆ ಕೇಳಿ: ಕ್ರಯವೋ, ಪೌತಿಯೋ, ವಿಭಾಗವೋ ತಿಳಿಯುತ್ತೆ. ಪೋಡಿಯಾಗಿ ಹಿಸ್ಸಾ ನಂಬರ್ ಬದಲಾಗಿದ್ಯಾ ಅಂತಾನೂ ನೋಡಿ. ಆಗ ಜಮೀನು ಕಡಿಮೆಯಾಗಿಲ್ಲ, ಬೇರೆ ನಂಬರ್‌ನಲ್ಲಿ ಕೂತಿರುತ್ತೆ. ಇವೆರಡೂ ಅಲ್ಲ, ಕಂಪ್ಯೂಟರ್‌ನ ಮೊದಲ ಪಹಣಿಯಲ್ಲೇ ಅಂಕಿ ಬೇರೆ ಅಂದ್ರೆ, ತಪ್ಪಾಗಿರೋದು ಬಹುಶಃ ನಕಲು ಮಾಡುವಾಗ. ಅಂಥದ್ದಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ತಿದ್ದುಪಡಿ ಅರ್ಜಿ. ಮ್ಯುಟೇಷನ್ ಆದೇಶವೇ ತಪ್ಪು ಅನ್ನಿಸಿದ್ರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ದಾರಿ ಬೇರೆ, ಬೇಕಾದ ಸಾಕ್ಷಿಯೂ ಬೇರೆ. ಯಾರೋ ಮೋಸ ಮಾಡಿದ್ರು ಅಂತ ಅಣ್ಣತಮ್ಮಂದಿರ ಜೊತೆ ಜಗಳಕ್ಕೆ ನಿಲ್ಲೋ ಮುಂಚೆ ಇಷ್ಟು ನೋಡಿದ್ರೆ ಎಷ್ಟೋ ಮನೆಗಳು ಉಳೀತಾವೆ.

ಬೆಳೆಸಾಲ, ಬೆಳೆವಿಮೆ, ಪರಿಹಾರ, ಎಲ್ಲಕ್ಕೂ ಈಗ ಪಹಣಿಯ ಅಂಕಿಯೇ ಆಧಾರ. ಸರ್ಕಾರ 'ಭೂ ಸುರಕ್ಷಾ' ಹೆಸರಲ್ಲಿ ತಾಲ್ಲೂಕು ರೆಕಾರ್ಡ್ ರೂಮ್‌ಗಳ ಹಳೇ ಕಡತಗಳನ್ನ ಸ್ಕ್ಯಾನ್ ಮಾಡಿಸ್ತಿದೆ. ಒಳ್ಳೇದೇ. ಆದ್ರೆ ಹರಿದುಹೋದ ಹಾಳೆಯನ್ನ ಯಾವ ಸ್ಕ್ಯಾನರ್‌ನಿಂದಲೂ ವಾಪಸ್ ತರೋಕಾಗಲ್ಲ. ಕಂಪ್ಯೂಟರ್ ಬರೋ ಮುಂಚಿನ ಕೊನೆಯ ಕೈಬರಹದ ಪಹಣಿ, ಕಂಪ್ಯೂಟರ್‌ನ ಮೊದಲ ಪಹಣಿ: ನಿಮ್ಮ ಜಮೀನಿನ ಇವೆರಡರ ದೃಢೀಕೃತ ನಕಲು ತಗೊಂಡು ಅಕ್ಕಪಕ್ಕ ಇಟ್ಟು ನೋಡಿ. ಅಂಕಿ ತಾಳೆಯಾದ್ರೆ ನೆಮ್ಮದಿ. ಆಗದಿದ್ರೆ, ಹಳೇದನ್ನ ಕಂಡು ಗೊತ್ತಿರೋ ಹಿರಿಯರು ಇರುವಾಗಲೇ ಅರ್ಜಿ ಹಾಕಿ.